ಸಾವಿರದ ಒಂಬತ್ತನೆಯ ಕಲ್ಲು

ಫೆಬ್ರವರಿ ೯

ಚಿರಂಜೀವಿ ಲೆಕ್ಕಪ್ಪನಿಗೆ ಅತ್ತಿಗೆಯ ಆಶೀರ್ವಾದ.

ನಾನು ಇದ್ದೇನೆ, ದೇವರು ನಡೆಸುತ್ತಿದ್ದಾನೆ. ಹೊಲಿಗೆ ಯಂತ್ರದ ಬೆಲ್ಟು ಹೋಗಿತ್ತು, ಹೊಸದು ಹಾಕಿಸಿದೆ. ಅಲ್ಲಿ ಕಾಲೇಜಿನಲ್ಲಿ ನಿನ್ನನ್ನು ಪ್ರೊಫೆಸರ್ ಸಾಹೇಬರು ಅನ್ನುತ್ತಾರಂತೆ. ಅನ್ನಲಿ. ನಿನ್ನ ಅಣ್ಣ ಇಟ್ಟ ಹೆಸರನ್ನು ನಾನಂತೂ ಬಿಡುವುದಿಲ್ಲ.

ಒಂದು ಲೆಕ್ಕ ಕೇಳುವುದಿತ್ತು.

ಬರುವ ಏಪ್ರಿಲ್‌ಗೆ ಕಟ್ಟೆ ಒಡೆದು ವರ್ಷವಾಗುತ್ತದೆ. ಹಳೆಯ ಮಾರುಕಟ್ಟೆ ಇದ್ದ ಬಯಲಿನಲ್ಲಿ, ನೀರು ಕೊಂಡೊಯ್ದವರ ಹೆಸರಿನ ಕಲ್ಲು ಹಾಸುತ್ತಾರೆ. ಒಬ್ಬರಿಗೆ ಒಂದು ಕಲ್ಲು, ಒಂದೂವರೆ ಅಡಿಯ ಚೌಕ. ಯಾರಾದರೂ ಇಬ್ಬರು ಎದ್ದು ನಿಂತು 'ಇವರು ನಮ್ಮ ಜೊತೆ ಇದ್ದರು, ಈಗಿಲ್ಲ' ಎಂದರೆ ಸಾಕು, ಕಲ್ಲುಕುಟಿಗರು ಕೆತ್ತುತ್ತಾರೆ. ಬೇರೆ ಕಾಗದಪತ್ರ ಕೇಳುವುದಿಲ್ಲ. ಹಾಗಾಗಿ ಕೆಳಬೀದಿಯವರ ಕಲ್ಲುಗಳಲ್ಲಿ ಎಷ್ಟೋ ಅಡ್ಡಹೆಸರುಗಳೇ. ಅವರು ಇಟ್ಟಿಗೆ ಕಾರ್ಖಾನೆಯ ಕೆಲಸಕ್ಕೆಂದು ಬಂದು ತಿಂಗಳಾಗಿತ್ತಷ್ಟೆ, ಪಕ್ಕದ ಕೋಣೆಯವರ ಹೆಸರೂ ಒಬ್ಬರಿಗೊಬ್ಬರಿಗೆ ಗೊತ್ತಿರಲಿಲ್ಲ. 'ಬೆಕ್ಕಿನ ತಾತ', 'ಗಂಟೆಯಣ್ಣ', 'ನಗುವ ಹುಡುಗಿ', ಹೀಗೆ. ಓದಿದರೆ ಮೊದಲು ನಗು ಬರುತ್ತದೆ, ಎರಡನೇ ಸಲ ಓದಿದರೆ ಬರುವುದಿಲ್ಲ.

ಒಟ್ಟು ಕಲ್ಲು ಸಾವಿರದ ಒಂಬತ್ತು. ಎಂಜಿನಿಯರ್ ಅವರು ಒಂದೇ ದೊಡ್ಡ ಆಯತವಾಗಿ ಹಾಸಬೇಕು ಅನ್ನುತ್ತಾರೆ. ಸಮಿತಿಯವರ ಹಟವೂ ಅದೇ, ಯಾವ ಸಾಲೂ ಗಿಡ್ಡ ಆಗಕೂಡದು. ಗಿಡ್ಡ ಸಾಲು ನೋಡಿದರೆ ಅಲ್ಲಿಗೆ ಇನ್ನೂ ಯಾರೋ ಹೋಗುವುದು ಬಾಕಿ ಇದೆ ಅನ್ನಿಸುತ್ತದಂತೆ. ಅದೂ ಸರಿಯೇ. ಆದರೆ ಹೇಗೆ ಜೋಡಿಸಿದರೂ ಒಂದು ಕಲ್ಲು ಹೊರಗೆ ಉಳಿಯುತ್ತಿದೆ.

ನೀನು ಸಂಖ್ಯೆಗಳನ್ನೇ ಓದಿ ದೊಡ್ಡವನಾದವನು. ಒಂದೂ ಉಳಿಯದ ಹಾಗೆ, ಎಷ್ಟು ಸಾಲು, ಸಾಲಿಗೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಕಳಿಸು. ನಾನು ಸಭೆಯಲ್ಲಿ ನಿನ್ನ ಹೆಸರು ಹೇಳಿ ಬಂದಿದ್ದೇನೆ. ಬೇಗ ಬರೆ.

ನಿನ್ನ ಅತ್ತಿಗೆ

ಫೆಬ್ರವರಿ ೧೭

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದಾಗ ಕ್ಲಾಸಿಗೆ ಹೊರಟಿದ್ದೆ. ಓದಿ ಖುಷಿಯಾಗಿ ಅದೇ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದು ಪಾಠ ಶುರು ಮಾಡಿಬಿಟ್ಟೆ. ಅತ್ತಿಗೆ, ನಿಮ್ಮ ಸಮಿತಿಯವರು ಸಿಕ್ಕಿಕೊಂಡಿರುವುದು ಅಂಥಿಂಥ ಸಂಖ್ಯೆಯ ಕೈಗಲ್ಲ!

೧೦೦೯ ಅವಿಭಾಜ್ಯ ಸಂಖ್ಯೆ. ಅಂದರೆ ಒಂದರಿಂದ ಮತ್ತು ತನ್ನಿಂದಲೇ ಹೊರತು ಬೇರೆ ಯಾವುದರಿಂದಲೂ ಅದು ಸಮನಾಗಿ ಭಾಗವಾಗದು. ನಾಲ್ಕಂಕಿಯ ಅವಿಭಾಜ್ಯಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು, ಆ ಮನೆಯ ಹೊಸ್ತಿಲಲ್ಲೇ ನಿಂತಿರುವಂಥದ್ದು. ಹಿಂದುಮುಂದಾಗಿ ಓದಿ, ೯೦೦೧ ಆಗುತ್ತದೆ. ಅದೂ ಅವಿಭಾಜ್ಯವೇ! ಎಲ್ಲಿಂದ ಬಂದು ಬಡಿದರೂ ಬಾಗಿಲು ತೆರೆಯದ ಸಂಖ್ಯೆ ಇದು.

ನಂಬಿಕೆ ಬರದಿದ್ದರೆ ನೀವೇ ಭಾಗಿಸಿ ನೋಡಿ. ೩೧ರವರೆಗೆ ನೋಡಿದರೆ ಸಾಕು. ಏಕೆಂದರೆ ಯಾವುದೋ ದೊಡ್ಡ ಸಂಖ್ಯೆ ಇದನ್ನು ಭಾಗಿಸುವುದಾದರೆ ಅದರ ಜೊತೆಗೊಂದು ಚಿಕ್ಕದು ಇರಲೇಬೇಕು, ಆ ಚಿಕ್ಕದು ನಮಗೆ ಮೊದಲೇ ಸಿಕ್ಕಿರಬೇಕು. ಸಿಗುವುದಿಲ್ಲ. ನೀವು ಹೇಳುವ ಆಯತಕ್ಕೆ ಇರುವುದು ಒಂದೇ ದಾರಿ, ಸಾವಿರದ ಒಂಬತ್ತು ಕಲ್ಲನ್ನೂ ಒಂದೇ ಸಾಲಾಗಿ ಊರಾಚೆಗೆ ಹಾಸಿಕೊಂಡು ಹೋಗುವುದು. ಉಳಿದಂತೆ ದೇವರೇ ಇಳಿದು ಬಂದರೂ ಆಗದು.

ಆದ್ದರಿಂದ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಕಲ್ಲುಗಳನ್ನು ಇನ್ನೊಮ್ಮೆ ಎಣಿಸಿ, ಎಣಿಕೆ ತಪ್ಪಿರಬಹುದು. ತಪ್ಪಿಲ್ಲದಿದ್ದರೆ ಒಂದನ್ನು ಪಕ್ಕಕ್ಕಿಡಿ. ೧೦೦೮ ಎಂದರೆ ಚಿನ್ನದಂಥ ಸಂಖ್ಯೆ, ಕರೆದ ಕಡೆ ಬರುತ್ತದೆ. ೨೮ ಸಾಲು, ಸಾಲಿಗೆ ೩೬. ಎಂಜಿನಿಯರ್ ಅವರಿಗೂ ಸಂತೋಷ. ಉಳಿದ ಒಂದನ್ನು ಬಾಗಿಲ ಬಳಿ ಎಲ್ಲಾದರೂ ಹಾಕಿಸಿ.

ಇಲ್ಲಿ ಪರೀಕ್ಷೆಗಳು ಹತ್ತಿರ ಬಂದಿವೆ. ಏಪ್ರಿಲ್‌ಗೆ ಬರುವುದು ಕಷ್ಟ.

ನಿಮ್ಮ ಮೈದುನ

ಫೆಬ್ರವರಿ ೨೬

ಲೆಕ್ಕಪ್ಪ,

ನಿನ್ನ ಕಾಗದ ಓದಿ ಕೆಳಗಿಟ್ಟೆ.

ದೇವರಿಂದಲೂ ಆಗದ್ದು ಅಂತ ಒಂದು ಇದೆ ಎಂದು ಈ ಐವತ್ತು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಅದೂ ಎಂಥದ್ದು? ಬೆಟ್ಟ ಎತ್ತುವುದಲ್ಲ, ಸತ್ತವರನ್ನು ಎಬ್ಬಿಸುವುದಲ್ಲ. ಕಲ್ಲು ಜೋಡಿಸುವುದು! ನಂಬಲಿಲ್ಲ. ಅಂಗಡಿಯ ಡಬ್ಬಗಳನ್ನೆಲ್ಲ ಸುರಿದು, ಸಾವಿರದ ಒಂಬತ್ತು ಗುಂಡಿ ಎಣಿಸಿ, ಕೋಣೆಯ ನೆಲದ ಮೇಲೆ ಹರಡಿ ಕೂತೆ. ಏಳು ಸಾಲು ಮಾಡಿದೆ, ಒಂದು ಉಳಿಯಿತು. ಒಂಬತ್ತು ಮಾಡಿದೆ, ಒಂದು ಉಳಿಯಿತು. ಹನ್ನೆರಡು ಮಾಡಿದೆ, ಆಗಲೂ ಒಂದು. ಹನ್ನೊಂದಕ್ಕೆ ಎಂಟು ಉಳಿದವು, ಹದಿಮೂರಕ್ಕೂ ಎಂಟೇ. ಬಟ್ಟೆ ಕೇಳಲು ಬಂದವರು ಬಾಗಿಲಲ್ಲೇ ನಿಂತು, 'ಏನಮ್ಮಾ, ಅಂಗಡಿ ಮುಚ್ಚಿ ಆಟ ಶುರು ಮಾಡಿದ್ಯಾ?' ಅಂದರು. ಮೂವತ್ತೊಂದರವರೆಗೂ ನೋಡಿದೆ. ಒಂದು ಸಂಖ್ಯೆಗೆ ಇಷ್ಟು ಹಟ ಇರುತ್ತದೆಯೇ? ನನಗೆ ಮೈ ಜುಂ ಅಂತು.

ಆ ಉಳಿಯುವ ಒಂದಕ್ಕೆ ನಾನೊಂದು ಕೆಂಪು ಗುಂಡಿ ಇಟ್ಟುಕೊಂಡಿದ್ದೆ. ಅಂಥವು ಎರಡೇ ಬಂದಿದ್ದವು, ಹೆಂಗಸರ ದೊಡ್ಡ ಕೋಟಿನವು. ಒಂದನ್ನು ನಿನ್ನ ಅಣ್ಣನ ಕೋಟಿಗೆ ಮೇಲ್ಗಡೆ ಹಾಕಿದ್ದೆ, ಕಂದು ಗುಂಡಿ ಮುಗಿದಿತ್ತು ಅಂತ. 'ಇದೇನೇ, ನಾನೇನು ಸರ್ಕಸ್ಸಿನವನಾ?' ಅಂತ ಬೈದು, ಆದರೂ ದಿನಾ ಅದನ್ನೇ ಹಾಕಿಕೊಂಡು ಕಟ್ಟೆಯ ಗೇಟು ಕಾಯಲು ಹೋಗುತ್ತಿದ್ದರು. ಇನ್ನೊಂದು ಡಬ್ಬದಲ್ಲಿತ್ತು.

ಒಂದನ್ನು ಪಕ್ಕಕ್ಕಿಡಿ ಎಂದು ಬರೆದೆಯಲ್ಲ, ಅವರೂ ಅದನ್ನೇ ಹೇಳುತ್ತಿದ್ದಾರೆ. ಆ ಕಲ್ಲು ನಿನ್ನ ಅಣ್ಣನದು.

ಮೊದಲ ಕಾಗದದಲ್ಲಿ ಹೇಳಲಿಲ್ಲ. ನೀನು ಸುಮ್ಮನೆ ಲೆಕ್ಕ ಮಾಡಿಕೊಡಲಿ, ನೋವು ಯಾಕೆ ಅಂದುಕೊಂಡೆ. ಈಗ ಹೇಳುತ್ತೇನೆ. ಎಂಜಿನಿಯರ್ 'ಒಂದು ಹೆಚ್ಚಾಗಿದೆ' ಅಂದ ತಕ್ಷಣ ಬೇಕರಿಯವರು ಎದ್ದರು. ಸಮಿತಿಗೆ ಅವರೇ ಅಧ್ಯಕ್ಷರು. ಹೆಂಡತಿ, ಇಬ್ಬರು ಮಕ್ಕಳು, ಮೂರು ಕಲ್ಲು ಅವರ ಮನೆಯವೇ.

'ಯಾವುದು ಹೆಚ್ಚು ಅಂತ ನನ್ನ ಬಾಯಲ್ಲೇ ಕೇಳ್ಬೇಕಾ? ಗೇಟು ಕಾಯಬೇಕಾದವನು ಗೇಟು ಬಿಟ್ಟು ಓಡಿದ. ನೀರು ಮೆಲ್ಲಗೆ ಬಿಟ್ಟಿದ್ರೆ ಕಟ್ಟೆ ನಿಲ್ತಿತ್ತು. ಅವನ ಕಲ್ಲಿನ ಪಕ್ಕ ನನ್ನ ಮಕ್ಕಳ ಕಲ್ಲು ಇಡಲ್ಲ.'

ಯಾರೂ ನನ್ನ ಕಡೆ ನೋಡಲಿಲ್ಲ. ಕಲ್ಲುಕುಟಿಗರು ಮಾತ್ರ, 'ಇಬ್ಬರು ಸಾಕ್ಷಿ ಹೇಳಿದ್ರು, ಕೆತ್ತಿದೀನಿ. ಒಬ್ರು ಅವರ ಹೆಂಡ್ತಿ, ಇನ್ನೊಬ್ಬ ನಾನೇ' ಅಂದರು.

'ನೀವು ಕಲ್ಲಿಗೆ ಸಾಕ್ಷಿ ಸ್ವಾಮಿ, ಮನುಷ್ಯನಿಗಲ್ಲ.'

ಆಗ ನಾನು ಎದ್ದು, ನನ್ನ ಮೈದುನ ಲೆಕ್ಕದ ದೊಡ್ಡ ಮೇಷ್ಟ್ರು, ಒಂದೂ ಉಳಿಯದ ಹಾಗೆ ಜೋಡಿಸಿಕೊಡುತ್ತಾನೆ ಅಂದೆ. ಮಾರ್ಚ್ ನಡುವಿನ ಸಭೆಯವರೆಗೆ ಗಡುವು ಕೊಟ್ಟಿದ್ದಾರೆ.

ಕೆಳಬೀದಿಗಿಂತಲೂ ಕೆಳಗೆ ಸಿಕ್ಕಿತು ನಿನ್ನ ಅಣ್ಣನ ದೇಹ, ಮೈಮೇಲೆ ಕೋಟು ಇರಲಿಲ್ಲ. ಜೋರಾಗಿ ಓಡಲು ಕೋಟು ಬಿಸಾಡಿದ ಎಂದು ತನಿಖೆಯವರು ಬರೆದರು. ಆ ಕೋಟು ಹೊಲಿದವಳು ನಾನು. ಅದನ್ನು ಅವರು ಬಿಸಾಡುವವರಲ್ಲ. ಅಷ್ಟು ಬಿಟ್ಟರೆ ನನ್ನ ಹತ್ತಿರ ಬೇರೆ ವಾದ ಇಲ್ಲ.

ಬಾಗಿಲ ಬಳಿ ಎಲ್ಲಾದರೂ ಹಾಕಿಸಿ ಎಂದು ಬರೆದಿದ್ದೀಯ. ಎಲ್ಲಿ ಹಾಕಿಸಲಿ, ಹೇಳು.

ಅತ್ತಿಗೆ

ಮಾರ್ಚ್ ೬

ಅತ್ತಿಗೆ,

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಒಡೆದು ಓದಿದೆ. ಎದುರಿಗೆ ಕೂತವರು 'ಯಾಕ್ರೀ, ಮುಖ ಸುಣ್ಣ ಆಗಿದೆ' ಅಂದರು. ತಲೆನೋವು ಅಂದೆ.

ನಾನು ಬರೆದದ್ದನ್ನು ವಾಪಸು ತೆಗೆದುಕೊಳ್ಳಲಾಗುವುದಿಲ್ಲ. ೧೦೦೮ ಚಿನ್ನದಂಥದ್ದು ಎಂದೆನಲ್ಲ, ಆ ಸಾಲು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

೧೦೦೯ ಒಂದು ಆಯತವಾಗದು. ಅದು ನಿಜ, ನಾನು ಎಷ್ಟು ಸಂಕಟಪಟ್ಟರೂ ನಿಜವೇ. ಆದರೆ ಅದರ ಇನ್ನೊಂದು ಗುಣವನ್ನು ಮೊದಲ ಕಾಗದದಲ್ಲಿ ಬರೆಯಲಿಲ್ಲ, ಅತ್ತಿಗೆಗೆ ಇದೆಲ್ಲ ಯಾಕೆ ಎಂದು ಬಿಟ್ಟಿದ್ದೆ. ಈ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಹಾಗೆ ಒಂದು ಉಳಿಸುವ ಅವಿಭಾಜ್ಯ ಸಂಖ್ಯೆಗಳೆಲ್ಲ, ಅವು ಎಷ್ಟೇ ದೊಡ್ಡವಿರಲಿ, ಎರಡು ಚೌಕಗಳಾಗಿ ಕೂರುತ್ತವೆ. ಅದೂ ಒಂದೇ ಒಂದು ರೀತಿಯಲ್ಲಿ, ಎರಡನೆಯ ರೀತಿ ಇರುವುದೇ ಇಲ್ಲ. ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಸುವವಕ್ಕೆ ಈ ಭಾಗ್ಯವಿಲ್ಲ.

ನಿಮ್ಮ ಗುಂಡಿಗಳನ್ನು ಹೀಗೆ ಜೋಡಿಸಿ. ೨೮ ಸಾಲು, ಸಾಲಿಗೆ ೨೮. ಅದು ದೊಡ್ಡ ಚೌಕ, ೭೮೪ ಆಯಿತು. ಪಕ್ಕದಲ್ಲಿ ೧೫ ಸಾಲು, ಸಾಲಿಗೆ ೧೫. ಅದು ಚಿಕ್ಕದು, ೨೨೫. ಕೂಡಿಸಿ ನೋಡಿ. ಗಿಡ್ಡ ಸಾಲು ಇಲ್ಲ, ಒಂದೂ ಹೊರಗುಳಿಯುವುದಿಲ್ಲ.

ಇದನ್ನು ಸಭೆಗೆ ತೋರಿಸಿ. ಯಾರಾದರೂ ಒಪ್ಪದಿದ್ದರೆ ನನ್ನ ಹೆಸರಿಗೆ ಬರೆಯಲು ಹೇಳಿ, ನಾನು ಸಹಿ ಮಾಡಿ ಕಳಿಸುತ್ತೇನೆ.

ಬರಲಾಗದು ಅತ್ತಿಗೆ. ಉತ್ತರಪತ್ರಿಕೆಗಳ ರಾಶಿ ಬಿದ್ದಿದೆ.

ನಿಮ್ಮ ಮೈದುನ

ಮಾರ್ಚ್ ೧೯

ಚಿರಂಜೀವಿ ಲೆಕ್ಕಪ್ಪನಿಗೆ,

ಆಯಿತು! ಗುಂಡಿಗಳು ಕೂತವು! ಹದಿನೈದನೇ ಸಾಲಿನ ಕೊನೆಯಲ್ಲಿ ಕೆಂಪು ಗುಂಡಿ ಇಟ್ಟಾಗ ಕೈಯಲ್ಲಿ ಒಂದೂ ಉಳಿದಿರಲಿಲ್ಲ. ಡಬ್ಬ ಅಲ್ಲಾಡಿಸಿ ನೋಡಿದೆ, ಯಂತ್ರದ ಕೆಳಗೆ ನೋಡಿದೆ. ಇಲ್ಲ. ಅಲ್ಲೇ ನೆಲದ ಮೇಲೆ ಕೂತು ದೇವರಿಗೆ ಕೈಮುಗಿದೆ, ಮೊನ್ನೆ ಸಿಟ್ಟಿನಲ್ಲಿ ಆಡಿದ್ದಕ್ಕೆ ಕ್ಷಮೆ ಕೇಳಿದೆ. ದೇವರಿಂದ ಆಗದು ಎಂದು ಇನ್ನು ಮೇಲೆ ಬರೆಯಬೇಡ. ನಮಗೆ ಕಾಣದ ಕಡೆ ದಾರಿ ಇಟ್ಟಿರುತ್ತಾನೆ.

ಸಭೆಯಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದು ತೋರಿಸಿದೆ. ಎಂಜಿನಿಯರ್ ತಲೆ ಕೆರೆದುಕೊಂಡು, 'ಅರೆ, ಇದು ನನಗೆ ಹೊಳೀಲೇ ಇಲ್ವಲ್ಲ' ಅಂದರು. ಕಲ್ಲುಕುಟಿಗರು ಬೀಡಿ ತುಂಡು ಕಿವಿಗೆ ಸಿಕ್ಕಿಸಿಕೊಂಡು ನಕ್ಕರು. ಬೇಕರಿಯವರು ಮಾತ್ರ ಬಗ್ಗಿ, ಸೀಮೆಸುಣ್ಣದ ಸಾಲುಗಳನ್ನು ಬೆರಳಿಟ್ಟು ಎಣಿಸಿದರು.

ಆಮೇಲೆ ಹೇಳಿದರು, 'ಸರಿ. ಲೆಕ್ಕಕ್ಕೆ ಎದುರಾಡಲ್ಲ. ಆದ್ರೆ ಯಾರು ಯಾವ ಚೌಕ ಅಂತ ನಾವು ಹೇಳ್ತೀವಿ.'

ಮೇಲ್ಬೀದಿಯವರು ಏಳುನೂರ ಎಂಬತ್ತೊಂದು, ಬಸ್ ನಿಲ್ದಾಣದಲ್ಲಿದ್ದ ಪ್ರಯಾಣಿಕರು ಮೂವರು. ದೊಡ್ಡ ಚೌಕ ಅಲ್ಲಿಗೆ ತುಂಬಿತು. ಕೆಳಬೀದಿಯವರು ಇನ್ನೂರ ಇಪ್ಪತ್ತನಾಲ್ಕು. ಚಿಕ್ಕ ಚೌಕಕ್ಕೆ ಒಂದು ಬೇಕು. ನಿನ್ನ ಅಣ್ಣನನ್ನು ಅಲ್ಲಿಗೆ ತಳ್ಳಿದರು. ಹುಟ್ಟಿ ಬೆಳೆದದ್ದು ಮೇಲ್ಬೀದಿಯಲ್ಲಿ, ಈಗ ಮಲಗುವುದು ಗುರುತೇ ಇಲ್ಲದವರ ನಡುವೆ. ಕಲ್ಲು ಇದೆಯಲ್ಲ, ಅಷ್ಟು ಸಾಕು ಅಂದುಕೊಂಡೆ. ಆದರೆ ಕೆಳಬೀದಿಯ ಜನರನ್ನು ಯಾರು ಕೇಳಿದರು? ಬದುಕುಳಿದವರು ಆಚೆ ದಡದ ಶೆಡ್ಡುಗಳಲ್ಲಿದ್ದಾರೆ. ಅವರಿಗೂ ನಿನ್ನ ಅಣ್ಣ ಗೇಟು ಬಿಟ್ಟವನೇ. ಕಲ್ಲು ಹಾಸುವ ದಿನ ಅವರೇ ಅದನ್ನು ಎತ್ತಿ ಬಿಸಾಡಿದರೆ? ಇದೊಂದು ಹೆದರಿಕೆ ಹೊಸದಾಗಿ ಶುರುವಾಗಿದೆ.

ದೊಡ್ಡ ಚೌಕ ಏಪ್ರಿಲ್ ಮೊದಲ ವಾರ ಹಾಸಿ ಸಿಮೆಂಟು ಹಾಕುತ್ತಾರೆ. ಚಿಕ್ಕದು ಹನ್ನೊಂದಕ್ಕೆ. ಆ ದಿನ ನೀನು ನನ್ನ ಪಕ್ಕ ನಿಂತರೆ ನನಗೆ ಆನೆ ಬಲ. ಉತ್ತರಪತ್ರಿಕೆ ಅನ್ನಬೇಡ. ಹೋದ ವರ್ಷ ಅಣ್ಣನನ್ನು ಮಣ್ಣು ಮಾಡಿದ ಸಂಜೆಯೇ ಬಸ್ಸು ಹತ್ತಿದವನು ನೀನು, ಮತ್ತೆ ಈ ಕಡೆ ತಲೆ ಹಾಕಿಲ್ಲ. ಯಾಕೆ ಅಂತ ನಾನು ಒಮ್ಮೆಯೂ ಕೇಳಲಿಲ್ಲ. ಈಗ ಕೇಳುತ್ತೇನೆ.

ಅತ್ತಿಗೆ

ಮಾರ್ಚ್ ೨೮

ಅತ್ತಿಗೆ,

ಕೇಳಿದ್ದೀರಿ, ಹೇಳುತ್ತೇನೆ. ನೀವು ಈ ಕಾಗದವನ್ನು ಹರಿದು ಹಾಕಿದರೂ ತಪ್ಪಿಲ್ಲ.

ತನಿಖೆಯ ವರದಿಯನ್ನು ನಾನೂ ತರಿಸಿ ಓದಿದ್ದೇನೆ. ಗೇಟಿನ ಕೋಣೆ ಖಾಲಿ ಇದ್ದದ್ದನ್ನು ಕಟ್ಟೆಯ ಮೇಲಿನ ಮೀನುಗಾರ ನೋಡಿದ್ದಾನೆ. ಫೋನು ಸತ್ತಿತ್ತು, ಸರಿ. ಆದರೆ ಗೇಟಿನ ಚಕ್ರ ಅಲ್ಲೇ ಇತ್ತಲ್ಲ? ತಿರುಗಿಸಲು ಎರಡು ಕೈ ಸಾಕಿತ್ತಲ್ಲ? ದೇಹ ಸಿಕ್ಕಿದ್ದು ಎರಡು ಮೈಲಿ ಕೆಳಗೆ, ಕೋಟಿಲ್ಲದೆ. ಇವನ್ನೆಲ್ಲ ಒಂದರ ಕೆಳಗೊಂದು ಬರೆದು ಕೂಡಿಸಿದರೆ ನನಗೆ ಒಂದೇ ಉತ್ತರ ಬರುತ್ತದೆ. ಬೇರೆ ಉತ್ತರ ಬರಲಿ ಎಂದು ಒಂದು ವರ್ಷದಿಂದ ಕೂಡಿಸುತ್ತಿದ್ದೇನೆ.

ನನಗೆ ಅವನ ಮೇಲೆ ಸಿಟ್ಟು. ಎಣಿಸುವುದನ್ನು ನನಗೆ ಕಲಿಸಿದವನು ಅವನು. ಶಾಲೆಗೆ ಹೋಗುವ ಮೊದಲೇ ಆ ಗೇಟಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, ನೀರಿನ ಮಟ್ಟದ ಗೆರೆಗಳನ್ನು ತೋರಿಸಿ, 'ಎಷ್ಟು ಹೇಳೋ ಲೆಕ್ಕಪ್ಪ' ಅನ್ನುತ್ತಿದ್ದ. ಅಂಥವನು ಅದೇ ಮೆಟ್ಟಿಲು ಇಳಿದು ಓಡಿಹೋದ ಎಂದರೆ ನಾನು ಎಲ್ಲಿ ಮುಖ ಇಡಲಿ?

ನಿಮ್ಮ ಕೋಟಿನ ಮಾತು ಪ್ರೀತಿಯ ಮಾತು ಅತ್ತಿಗೆ, ಅದು ಪುರಾವೆಯಲ್ಲ.

ಕಲ್ಲು ಇರಲಿ. ಒಬ್ಬ ಮನುಷ್ಯ ಸತ್ತಿದ್ದಾನೆ, ಲೆಕ್ಕದಲ್ಲಿ ಅವನೂ ಒಬ್ಬ, ಅದಕ್ಕಾಗಿ ಎರಡು ಚೌಕ ಬರೆದುಕೊಟ್ಟೆ. ಆದರೆ ಅದರ ಮುಂದೆ ಬಂದು ತಲೆ ಬಗ್ಗಿಸು ಎಂದರೆ ನನ್ನಿಂದ ಆಗದು.

ಮೈದುನ

ಏಪ್ರಿಲ್ ೧೨

ಲೆಕ್ಕಪ್ಪ,

ಅಕ್ಷರ ಸೊಟ್ಟ ಬರುತ್ತಿದೆ. ನಿಧಾನವಾಗಿ ಓದು. ನಾನೂ ಒಂದೊಂದಾಗಿ ಹೇಳುತ್ತೇನೆ. ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ನಿನ್ನ ಕಾಗದ ಓದಿ ಸಿಟ್ಟು ಬಂತು, ಆಮೇಲೆ ಅಳು ಬಂತು. ಉತ್ತರ ಬರೆಯಲಿಲ್ಲ. ನಿನ್ನೆ ಒಬ್ಬಳೇ ಹೋದೆ.

ದೊಡ್ಡ ಚೌಕ ಆಗಲೇ ಸಿಮೆಂಟು ಕುಡಿದು ಗಟ್ಟಿಯಾಗಿತ್ತು. ಚಿಕ್ಕದರಲ್ಲಿ ಕಲ್ಲುಗಳನ್ನು ಮರಳಿನ ಮೇಲೆ ಇಟ್ಟಿದ್ದರು. ನಿನ್ನ ಅಣ್ಣನದು ಕೊನೆಯ ಸಾಲಿನ ಕೊನೆ. ಆಚೆ ದಡದವರು ಎರಡು ಬಸ್ಸಿನಲ್ಲಿ ಬಂದಿಳಿದರು. ನಾನು ಆ ಮೂಲೆಯ ಕಲ್ಲಿಗೆ ಬೆನ್ನು ಕೊಟ್ಟು, ಯಾರಿಗೂ ಓದಲಾಗದ ಹಾಗೆ ಸೆರಗು ಇಳಿಬಿಟ್ಟು ನಿಂತೆ.

ಅವರಲ್ಲೊಬ್ಬರು ಇಸ್ತ್ರಿ ಅಜ್ಜಿ ಅಂತ. ಕಾರ್ಖಾನೆಯವರ ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ. ಕೈಯಲ್ಲೊಂದು ಗಂಟು, ಪಕ್ಕದಲ್ಲಿ ಮೊಮ್ಮಗಳು. ಸಾಲುಗಳನ್ನು ನೋಡಿಕೊಂಡು ಬಂದು 'ಗಂಟೆಯಣ್ಣ' ಎಂದು ಕೆತ್ತಿದ ಕಲ್ಲಿನ ಮುಂದೆ ಕೂತರು. ಆ ಕಲ್ಲಿಗೆ ಸಾಕ್ಷಿ ಹೇಳಿದ್ದು ಇಬ್ಬರಲ್ಲ, ಅರ್ಧ ಬೀದಿ ಎದ್ದು ನಿಂತಿತ್ತಂತೆ. ಕಲ್ಲುಕುಟಿಗರನ್ನು ಕರೆದು, 'ಇದನ್ನ ಒಸಿ ಎತ್ತಪ್ಪಾ, ಕೆಳಗೆ ಒಂದು ಇಡೋದಿದೆ' ಅಂದರು. ಆಮೇಲೆ ಅತ್ತಿತ್ತ ನೋಡಿ ನನ್ನನ್ನು ಕೇಳಿದರು.

'ನೀನು ಹೊಲಿಗೆಯವಳಂತಲ್ಲ ತಾಯಿ? ಒಂದು ಉಪಕಾರ ಮಾಡು. ಇದರ ಕಿಸೆ ಹರಿದಿದೆ, ನನಗೆ ಸೂಜಿ ಕಾಣಲ್ಲ. ಹರಕು ಬಟ್ಟೆ ಹೂಳೋಕೆ ಮನಸ್ಸು ಬರ್ತಿಲ್ಲ.'

'ಯಾರದು ಅಜ್ಜಿ?'

'ಅವನದೇ. ಗಂಟೆ ಬಾರಿಸ್ಕೊಂಡು ಬಂದನಲ್ಲ, ಅವನದು. ಎಲ್ಲರೂ ಮಲಗಿದ್ವಿ. ಎದ್ದೇಳಿ, ಮೇಲೆ ಹತ್ತಿ, ಕಾರ್ಖಾನೆ ಮಹಡಿಗೆ ಹೋಗಿ ಅಂತ ಬಾಗಿಲು ಬಾಗಿಲಿಗೂ ಬಡಿದ. ಇವಳು ಚಳಿಗೆ ನಡುಗ್ತಿದ್ಲು, ಕೋಟು ಬಿಚ್ಚಿ ಸುತ್ತಿ ನನ್ನ ಕೈಗೆ ಕೊಟ್ಟ. ಅಯ್ಯೋ ನಿನಗೆ ಅಂದೆ. ಆಮೇಲೆ ಬಂದು ಇಸ್ಕೋತೀನಿ ಅಂದ. ಮುಂದಿನ ಓಣಿಗೆ ಹೋದ. ಗಂಟೆ ಸ್ವಲ್ಪ ಹೊತ್ತು ಕೇಳ್ತು. ಆಮೇಲೆ ನೀರಿನ ಸದ್ದೇ ಕೇಳಿದ್ದು.'

'ಯಾರು ಅಂತ ಗೊತ್ತಾಗಲಿಲ್ವಾ?'

'ಮಳೆ, ನಸುಕು, ಮುಖ ಯಾರು ನೋಡಿದ್ರು? ಬಂದು ತಿಂಗಳಾಗಿತ್ತು, ಊರಿನವರು ಒಬ್ರೂ ಗೊತ್ತಿಲ್ಲ. ಶಾಲೆ ಜವಾನನೋ ಏನೋ ಅಂದ್ಕೊಂಡ್ವಿ.'

ಮೊಮ್ಮಗಳು ನಡುವೆ ಬಾಯಿ ಹಾಕಿದಳು. 'ಗುಂಡಿ ಹೇಳಜ್ಜಿ. ಒಂದು ಅಮ್ಮಂದಿರ ಗುಂಡಿ ಇದೆ.'

ಅಜ್ಜಿ ಗಂಟು ಬಿಚ್ಚಿದರು.

ಲೆಕ್ಕಪ್ಪ, ಮೇಲ್ಗಡೆ ಕೆಂಪು ಗುಂಡಿ.

ನಾನು ಗುಂಡಿ ನೋಡಿ ನಂಬಲಿಲ್ಲ. ಗುಂಡಿ ಯಾರ ಹತ್ತಿರವಾದರೂ ಇರಬಹುದು. ಕಾಲರ್ ಮಗುಚಿ ನೋಡಿದೆ. ಒಳಗೆ ಪಟ್ಟಿ ಗಿಡ್ಡವಾಯಿತೆಂದು ಬೇರೆ ಬಟ್ಟೆಯ ತುಂಡು ಕೂಡಿಸಿದ್ದೆ, ಅದು ಅಲ್ಲೇ ಇತ್ತು. ಕಾಜಾ ಹೊಲಿಗೆ ನಾನು ಎಡದಿಂದ ಬಲಕ್ಕೆ ಹಾಕುವವಳು, ಈ ಊರಿನಲ್ಲಿ ಬೇರೆ ಯಾರೂ ಹಾಗೆ ಹಾಕುವುದಿಲ್ಲ. ನನ್ನ ಕೈಬರಹ ನಾನು ಗುರುತಿಸದಿರಬಹುದು, ನನ್ನ ಹೊಲಿಗೆಯನ್ನು ಹೇಗೆ ಗುರುತಿಸದಿರಲಿ?

ಕೋಟನ್ನು ಮಡಿಲಿಗೆ ಎಳೆದುಕೊಂಡು ಮರಳಿನ ಮೇಲೆ ಕೂತುಬಿಟ್ಟೆ. 'ಏನಾಯ್ತಮ್ಮಾ, ನೀರು ತನ್ನಿ' ಅಂತ ಯಾರೋ ಕೂಗಿದರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು. 'ಇದು ನಮ್ಮ ಮನೆಯವರದು.'

ಗೇಟಿನ ಕೋಣೆಯಲ್ಲಿ ಒಂದು ಕೈಗಂಟೆ ಇತ್ತು, ನೆನಪಿದೆಯಾ? ನೀರು ಬಿಡುವ ಮೊದಲು ಮೀನುಗಾರರಿಗೆ ಬಾರಿಸುತ್ತಿದ್ದದ್ದು. ಆ ಕೋಣೆಯೇ ಕೊಚ್ಚಿಹೋದ ಮೇಲೆ ಗಂಟೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಪಟ್ಟಿಯಲ್ಲಿ 'ಗಂಟೆಯಣ್ಣ' ಎಂದು ನಾನೇ ಓದಿ, ನಾನೇ ನಿನಗೆ ಬರೆದೆ! ಈ ದಡದವರು ಗೇಟು ಬಿಟ್ಟವನ ಮೇಲೆ ಉಗಿಯುತ್ತಿದ್ದರು, ಆ ದಡದವರು ಗಂಟೆಯಣ್ಣನನ್ನು ನೆನೆದು ಅಳುತ್ತಿದ್ದರು. ಒಬ್ಬ ಮನುಷ್ಯನನ್ನು ಎರಡು ಮಾಡಿಕೊಂಡು ಒಂದು ವರ್ಷ ಕಳೆದೆವು. ನಡುವೆ ಇದ್ದದ್ದು ಒಂದು ಹೊಳೆ, ಅಷ್ಟೆ.

ಸುದ್ದಿ ಬಯಲಿಗೆಲ್ಲ ಹರಡಿತು. ಬೇಕರಿಯವರು ಬಂದು ಕೋಟನ್ನು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಅಂದರು, 'ಹಾಗಾದ್ರೆ ಗೇಟು ಬಿಟ್ಟಿದ್ದು ನಿಜ.'

'ನಿಜ ಅಣ್ಣಾ' ಅಂದೆ. ಇನ್ನೇನು ಹೇಳಲಿ? ಬಿಟ್ಟಿದ್ದು ನಿಜವೇ. ಚಕ್ರ ತಿರುಗಿಸಿದರೆ ಪ್ರಯೋಜನವಿಲ್ಲ ಅಂತ ನಿನ್ನ ಅಣ್ಣನಿಗೆ ಅನ್ನಿಸಿತೋ, ಜನ ಮೊದಲು ಅನ್ನಿಸಿತೋ, ಬಲ್ಲವರು ಯಾರು?

ಆಗ ಬೇಕರಿಯವರು ಕೇಳಿದ್ದು ನನ್ನ ಎದೆಯಲ್ಲೇ ಕೂತಿದೆ. 'ಕೆಳಬೀದಿಗೆ ಹೋಯ್ತಲ್ಲಮ್ಮಾ ಆ ಗಂಟೆ. ನಮ್ಮ ಬೀದಿಗೆ ಯಾಕೆ ಬರ್ಲಿಲ್ಲ?'

ಕೂಗಾಡಲಿಲ್ಲ. ಮಗು ಕೇಳಿದ ಹಾಗೆ ಕೇಳಿದರು. ಇವತ್ತು ಬೆಳಗಿನ ಪ್ರಾರ್ಥನೆಯಲ್ಲಿ ಅವರ ಪರವಾಗಿ ನಾನೇ ದೇವರನ್ನು ಕೇಳಿದೆ. ನಾಳೆಯೂ ಕೇಳುತ್ತೇನೆ.

ಕೊನೆಗೆ ಅಜ್ಜಿಯೇ ತೀರ್ಮಾನ ಹೇಳಿದರು. 'ಹೆಸರು ಗೊತ್ತಿರಲಿಲ್ಲ, ಗೊತ್ತಾಯ್ತು. ನಮ್ಮ ಕಲ್ಲಿನ ಮೇಲೇ ಕೆಳಗೆ ಕೆತ್ತಪ್ಪ.' ಕಲ್ಲುಕುಟಿಗರು ಅಲ್ಲೇ ಮಂಡಿಯೂರಿ 'ಗಂಟೆಯಣ್ಣ'ನ ಕೆಳಗೆ ನಿನ್ನ ಅಣ್ಣನ ಹೆಸರು ಕೆತ್ತಿದರು. ಮೂಲೆಯ ಕಲ್ಲನ್ನು ಎತ್ತಬೇಕಿತ್ತು. ಒಂದು ಬದಿಗೆ ಕಲ್ಲುಕುಟಿಗರು ಕೈ ಹಾಕಿದರು. ಇನ್ನೊಂದು ಬದಿಗೆ ಯಾರು ಎಂದು ನೋಡುವಷ್ಟರಲ್ಲಿ ಬೇಕರಿಯವರು ಬಗ್ಗಿದ್ದರು. ಇಬ್ಬರೂ ನನ್ನ ಮನೆಯವರೆಗೂ ಹೊತ್ತು ತಂದು ಗೋಡೆಗೆ ಒರಗಿಸಿ ಹೋದರು.

ಕಿಸೆ ಹೊಲಿದೆ. ಹೊಲಿಯುವ ಮೊದಲು ನನ್ನ ಹತ್ತಿರ ಇದ್ದ ಇನ್ನೊಂದು ಕೆಂಪು ಗುಂಡಿಯನ್ನು ಅದರೊಳಗೆ ಹಾಕಿದೆ. ಎರಡೂ ಒಟ್ಟಿಗೆ ಇರಲಿ. ಆಮೇಲೆ ಕೋಟನ್ನು ಗಂಟೆಯಣ್ಣನ ಕಲ್ಲಿನ ಕೆಳಗೆ ಇಟ್ಟೆವು.

ಈಗ ನಿನ್ನ ಲೆಕ್ಕದ ವಿಷಯ. ಹೋದವರು ಸಾವಿರದ ಎಂಟೇ. ನೀನು ಮೊದಲೇ ಬರೆದಿದ್ದೆ, ಎಣಿಕೆ ತಪ್ಪಿರಬಹುದು ಎಂದು. ಕಲ್ಲುಗಳ ಎಣಿಕೆ ಸರಿಯಾಗೇ ಇತ್ತು, ಮನುಷ್ಯರ ಎಣಿಕೆ ತಪ್ಪಿತ್ತು. ನಿನ್ನ ಒಡೆಯದ ಸಂಖ್ಯೆ ಹೋಯಿತು. ಎಂಜಿನಿಯರ್‌ಗೆ ಮೊದಲಿನ ಆಯತವೇ ಆಗುತ್ತಿತ್ತು. ಆದರೆ ದೊಡ್ಡ ಚೌಕಕ್ಕೆ ಸಿಮೆಂಟು ಬಿದ್ದಾಗಿದೆ, ಕೀಳಲಾಗದು. ಚಿಕ್ಕ ಚೌಕದ ಮೂಲೆಯಲ್ಲಿ ಒಂದು ಕಲ್ಲಿನ ಜಾಗ ಖಾಲಿ ಉಳಿಯಿತು. ಬರೀ ಕಲ್ಲು ಹಾಕಿ ಮುಚ್ಚಿಬಿಡೋಣ, ಇಲ್ಲದಿದ್ದರೆ ಇನ್ನೂ ಯಾರೋ ಹೋಗಬೇಕಾಗಿದೆ ಅನ್ನಿಸುತ್ತದೆ ಅಂದರು ಎಂಜಿನಿಯರ್. ಇಸ್ತ್ರಿ ಅಜ್ಜಿ ಬಿಡಲಿಲ್ಲ.

'ಹೋಗೋರಿಗಲ್ಲಪ್ಪಾ. ಬರೋರಿಗೆ ಕಾಲೂರೋಕೆ ಜಾಗ ಬೇಡ್ವಾ?'

ಹಾಗೇ ಬಿಟ್ಟಿದ್ದಾರೆ. ಒಂದೂವರೆ ಅಡಿಯ ಚೌಕ, ಮರಳು ಹಾಕಿದೆ. ನಾನು ನಿಂತು ನೋಡಿದೆ, ಒಬ್ಬರಿಗೆ ಸರಿಯಾಗುತ್ತದೆ.

ನಿನಗೆ ಬೇರೆ ಉತ್ತರ ಬೇಕಿತ್ತಲ್ಲ, ಇದೋ ಕಳಿಸಿದ್ದೇನೆ. ಸಿಟ್ಟು ಒಂದೇ ದಿನಕ್ಕೆ ಹೋಗುವುದಿಲ್ಲ, ನನಗೆ ಗೊತ್ತು. ಇದ್ದರೆ ಹೊತ್ತುಕೊಂಡೇ ಬಾ. ಬಂದು ಆ ಮೂಲೆಯಲ್ಲಿ ನಿಲ್ಲು. ನೀನು ನಿಂತಿರುವಷ್ಟು ಹೊತ್ತು ಅದು ಸಾವಿರದ ಒಂಬತ್ತು.

ನಿನ್ನ ಅತ್ತಿಗೆ